ಎಂಟು ಎಣಿಕೆಯ ಖಾಲಿ

ನಮ್ಮ ತಂಡದ ಸಂಗೀತ ಕಛೇರಿಗೆ ಇನ್ನು ಇಪ್ಪತ್ತೈದು ದಿನ ಇದ್ದಾಗ ಬ್ಯಾಂಡ್ ಮಾಸ್ತರರಿಗೆ ಕಿವಿ ಕೇಳಿಸುತ್ತಿಲ್ಲ ಎಂದು ಗೊತ್ತಾಯಿತು. ತಾನಾಗಿ ಗೊತ್ತಾದದ್ದಲ್ಲ, ನಾನೇ ಪರೀಕ್ಷೆ ಮಾಡಿ ಗೊತ್ತು ಮಾಡಿಕೊಂಡೆ.

ಅವತ್ತು ಮಂಗಳವಾರ, ಮಧ್ಯಾಹ್ನದ ಅಭ್ಯಾಸ. ಎರಡನೇ ಸಾಲಿನ ನಾಲ್ಕು ಕ್ಲಾರಿನೆಟ್‌ಗಳು ಒಂದು ತಿರುವಿನಲ್ಲಿ ದಾರಿ ತಪ್ಪಿ ಸುಮ್ಮನಾದವು. ಮಾಸ್ತರರು ಕೋಲು ಆಡಿಸುತ್ತಲೇ ಇದ್ದರು. ಮುಗಿದ ಮೇಲೆ ಆ ನಾಲ್ವರ ಕಡೆಗೇ ತಿರುಗಿ, "ಶಾಬಾಶ್, ಇವತ್ತು ಕ್ಲಾರ್ನೆಟ್ ಚಂದ ಬಂತು ನೋಡ್ರಿ" ಎಂದರು. ಹುಡುಗರು ಮುಖ ಮುಖ ನೋಡಿಕೊಂಡರು. ನನಗೆ ಅನುಮಾನ ಬಂದರೆ ಸುಮ್ಮನೆ ಕೂರುವ ಜಾಯಮಾನವಲ್ಲ. ಮಾಸ್ತರರು ನೀರು ಕುಡಿಯಲು ಆ ಕಡೆ ತಿರುಗಿದಾಗ, ಎಂಟೂ ಕ್ಲಾರಿನೆಟ್‌ನವರಿಗೆ ಗಲ್ಲ ಉಬ್ಬಿಸಿ ಬೆರಳು ಮಾತ್ರ ಆಡಿಸಿ, ಊದಬೇಡಿ ಎಂದು ಸನ್ನೆ ಮಾಡಿದೆ. ಮತ್ತೆ ಶುರುವಾಯಿತು. ಎಂಟು ಕ್ಲಾರಿನೆಟ್‌ಗಳಲ್ಲಿ ಒಂದೂ ಉಸಿರೆತ್ತಲಿಲ್ಲ. ಮಾಸ್ತರರು ಅವರ ಕಡೆ ಎಡಗೈ ಚಾಚಿ, ಅಂಗೈ ಕೆಳಗೆ ಮಾಡಿ, ಇನ್ನೂ ಸ್ವಲ್ಪ ಮೆತ್ತಗೆ ಎಂದು ತೋರಿಸಿದರು.

ಕೆಲವರು ಕಿಸಕ್ಕೆಂದರು. ಯೂಫೋನಿಯಂ ಎಂಬ ತಗ್ಗಿನ ಸ್ವರದ ದೊಡ್ಡ ಹಿತ್ತಾಳೆ ಕೊಂಬು ನುಡಿಸುವ ಕೊಕ್ಕನೂರಿನ ಹುಡುಗಿ ಮಾತ್ರ ನನ್ನನ್ನು ದುರುಗುಟ್ಟಿ ನೋಡಿದಳು. ಅಲ್ಲಿಗೆ ನನಗೂ ನನ್ನ ಬಗ್ಗೆ ಹೇಸಿಗೆಯಾಯಿತು.

ನಾನು ದಾವಣಗೆರೆಯ ವಿಶ್ವವಿದ್ಯಾಲಯದಲ್ಲಿ ಸಂಗೀತ ಕಲಿಸುವವಳು. ಕಲಿತದ್ದು ಹಿಂದೂಸ್ತಾನಿ, ವಾದ್ಯ ಕ್ಲಾರಿನೆಟ್. ಬೇರೆ ಬೇರೆ ಕಾಲೇಜುಗಳ ಇಪ್ಪತ್ತಾರು ಮಕ್ಕಳನ್ನು ಸೇರಿಸಿ, ಊದುವ ವಾದ್ಯಗಳ ಒಂದು ತಂಡ ಕಟ್ಟಿ ಎಂದು ವಿಶ್ವವಿದ್ಯಾಲಯದವರು ಹೇಳಿದಾಗ ಒಪ್ಪಿಕೊಂಡುಬಿಟ್ಟಿದ್ದೆ. ಆ ಇಪ್ಪತ್ತಾರರಲ್ಲಿ ಟ್ರಂಪೆಟ್ಟಿನಿಂದ ಸದ್ದು ಹೊರಡಿಸಲು ಬರುತ್ತಿದ್ದವರು ಇಬ್ಬರು. ತುಟಿ ಹೇಗೆ ಕಟ್ಟಬೇಕು, ಹೊಟ್ಟೆಯಿಂದ ಉಸಿರು ಹೇಗೆ ಎತ್ತಬೇಕು ಎಂದು ಕಲಿಸಲು ಹರಿಹರದಿಂದ ಮಾಸ್ತರರನ್ನು ಕರೆಸಿದೆವು. ನಲವತ್ತು ವರ್ಷ ಮದುವೆ ಮೆರವಣಿಗೆಗಳಲ್ಲಿ ಬ್ಯಾಂಡ್ ಸೆಟ್ ನಡೆಸಿದವರು. ಮಕ್ಕಳಿಗೆ ಅವರು ಚಾಚಾ, ನನಗೆ ಮಾಸ್ತರು. ಅವರು ಸ್ವರವನ್ನು ಬಾಯಲ್ಲಿ ಹೇಳುತ್ತಿದ್ದರು, ನಾನು ಅದನ್ನು ಕಾಗದದ ಮೇಲೆ ಗೆರೆಗಳ ನಡುವೆ ಕೂರಿಸುತ್ತಿದ್ದೆ. ಕ್ಲಾರಿನೆಟ್ಟಿಗೆ ಒಂದು ಬರಹ, ಸ್ಯಾಕ್ಸೊಫೋನಿಗೆ ಇನ್ನೊಂದು, ಯೂಫೋನಿಯಂಗೆ ತಗ್ಗಿನ ಸ್ಥಾಯಿಯಲ್ಲಿ ಮತ್ತೊಂದು. ಅವರಿಗೆ ಆ ಬರಹ ಓದಲು ಬರುತ್ತಿರಲಿಲ್ಲ, ಓದುವ ಅಗತ್ಯವೂ ಅವರಿಗೆ ಕಂಡಿರಲಿಲ್ಲ.

ಎರಡು ವರ್ಷಕ್ಕೆ ತಂಡ ಒಂದು ಹದಕ್ಕೆ ಬಂತು. ಮೊದಲ ಪೂರ್ಣ ಕಛೇರಿ ಗೊತ್ತಾಯಿತು. ಎಂಟು ರಚನೆಗಳು. ಏಳನ್ನು ನಾನು ನಡೆಸುವುದು, ಕೊನೆಯದನ್ನು ಮಾಸ್ತರರು. ಅದು ಅವರದೇ ಮಟ್ಟು. ಮೆರವಣಿಗೆಯಲ್ಲಿ ಯಾರೂ ಸಿನಿಮಾ ಹಾಡು ಕೇಳದ ಹೊತ್ತಿನಲ್ಲಿ, ಮನೆಗಳು ಕಡಿಮೆ ಇರುವ ರಸ್ತೆಯಲ್ಲಿ, ಅವರು ತಮ್ಮ ಪಾಡಿಗೆ ನುಡಿಸಿಕೊಂಡು ಹೋಗುತ್ತಿದ್ದದ್ದು. ಅದಕ್ಕೆ ಹೆಸರೂ ಇರಲಿಲ್ಲ. ಕಾರ್ಯಕ್ರಮದ ಪಟ್ಟಿಯಲ್ಲಿ 'ನಡಿಗೆ' ಎಂದು ನಾನೇ ಹಾಕಿದೆ.

"ಮಾಸ್ತರೇ, ಇದಕ್ಕೆ ನೀವೇ ಕಂಡಕ್ಟರ್" ಎಂದಾಗ, "ಟಿಕೀಟು ನಾನೇ ಹರೀಬೇಕೇನ್ರಿ?" ಎಂದು ನಕ್ಕಿದ್ದರು. ಆಮೇಲೆ ನಗು ನಿಲ್ಲಿಸಿ ಹೇಳಿದರು: "ನಲವತ್ತು ವರ್ಷ ನಡೆಯೋರ ಮುಂದೆ ನಡ್ಕೊಂತ ನುಡಿಸೀನ್ರಿ ಮೇಡಮ್ಮಾರೆ. ನಮ್ಮನ್ನ ಯಾರೂ ಕೇಳಂಗಿಲ್ಲ, ದಾಟಿಕೊಂಡು ಹೋಕ್ಕಾರೆ. ಕುಂತು ಕೇಳೋ ಮಂದಿ ಮುಂದೆ ಒಂದ್ಸಲ ನಿಂತು ನೋಡ್ಬೇಕು. ಒಂದೇ ಸಲ ಸಾಕು."

ಆ ಒಂದೇ ಸಲವನ್ನು ಅವರಿಗೆ ದಕ್ಕಿಸಿಕೊಡಬೇಕು ಎನ್ನುವುದು ನನ್ನ ಹಟವಾಗಿತ್ತು. ಈಗ ನೋಡಿದರೆ ಅವರಿಗೆ ಕಿವಿಯೇ ಕೇಳಿಸುವುದಿಲ್ಲ.

ಮೂರನೇ ದಿನ ಅವರನ್ನು ಎಂ.ಸಿ.ಸಿ. ಬಡಾವಣೆಯಲ್ಲಿ ನಮ್ಮ ಮನೆಯ ಹತ್ತಿರವೇ ಇರುವ ಕಿವಿಯ ಡಾಕ್ಟರ ಬಳಿ ನನ್ನ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದೆ. ಗಾಜಿನ ಪುಟ್ಟ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗಲೆಲ್ಲ ಬೆರಳು ಎತ್ತಿ ಎಂದರು. ಮಾಸ್ತರರು ಪಟಪಟನೆ ಬೆರಳು ಎತ್ತಿದರು. ಒಂದೂ ತಪ್ಪಲಿಲ್ಲ. ನನಗೆ ಹೋದ ಜೀವ ಬಂದಂತಾಯಿತು. ಡಾಕ್ಟರು ಮಾತ್ರ ನಗುತ್ತಾ ನನ್ನನ್ನು ಹತ್ತಿರ ಕರೆದರು.

"ಇವರು ಏನ್ ಕೆಲಸ ಮಾಡ್ತಾರೆ ಮೇಡಂ?"

"ಬ್ಯಾಂಡ್ ಮಾಸ್ತರು. ಯಾಕೆ?"

"ಅದಕ್ಕೇ ಮತ್ತೆ! ನಾನು ಬಟನ್ ಒತ್ತದೇ ಇದ್ದಾಗಲೂ ಬೆರಳು ಎತ್ತಾಕತ್ತಾರೆ. ಮೊದಲ ಮೂರು ಸದ್ದು ಕೇಳಿಸ್ಯಾವು. ಆಮೇಲೆ ಲಯ ಹಿಡಿದುಬಿಟ್ಟಾರೆ."

ಎರಡನೇ ಸಲ ಡಾಕ್ಟರು ಬೇಕೆಂದೇ ಅಡ್ಡಾದಿಡ್ಡಿಯಾಗಿ ಸದ್ದು ಕೊಟ್ಟರು. ಮಾಸ್ತರರ ಬೆರಳು ಅರ್ಧಕ್ಕೇ ಎದ್ದು ನಿಂತು, ಯಾವಾಗ ಏಳಬೇಕೆಂದು ತಿಳಿಯದೆ ನಡುಗಿತು. ಗಾಜಿನಾಚೆಯಿಂದ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಎತ್ತರದ ಸ್ವರಗಳು ಪೂರ್ತಿ ಹೋಗಿವೆ, ತಗ್ಗಿನವು ಅಲ್ಪಸ್ವಲ್ಪ ಇವೆ, ಡ್ರಮ್ಮು ಮತ್ತು ಟ್ರಂಪೆಟ್ಟಿನ ಪಕ್ಕದಲ್ಲೇ ಆಯುಷ್ಯ ಕಳೆದವರಿಗೆ ಇದು ಹೊಸದಲ್ಲ ಎಂದು ಡಾಕ್ಟರು ಹೇಳಿದರು.

ಹೊರಗೆ ಬಂದು ಸ್ಕೂಟರ್ ಹತ್ತಿರ ನಿಂತಾಗ ಮಾಸ್ತರರು, "ನಾಕು ವರ್ಷ ಆತ್ರಿ" ಎಂದರು. "ಮಂದಿ ಮಾತಾಡಿದ್ದು ಬಾಯಿ ನೋಡಿ ತಿಳ್ಕೊಂತೀನಿ. ಮಕ್ಕಳು ಊದಿದ್ದು ಗಲ್ಲ ನೋಡಿ ತಿಳ್ಕೊಂತೀನಿ. ಗಲ್ಲ ಉಬ್ಬಿತ್ತಂದ್ರ ಸ್ವರ ಬಂತು ಅಂತ. ಅವತ್ತು ಕ್ಲಾರ್ನೆಟ್ ಹುಡುಗ್ರು ಗಲ್ಲ ಉಬ್ಬಿಸಿದ್ರಲ್ಲ, ಊದಿರ್ಲಿಲ್ಲೇನ್ರಿ?"

ಊದಿದ್ದರು ಎಂದು ಸುಳ್ಳು ಹೇಳಿದೆ. ನನ್ನ ಮೊದಲ ಸುಳ್ಳು ಅದು. ಬಾಯಿ ನೋಡಿ ತಿಳಿದುಕೊಳ್ಳುವ ಮನುಷ್ಯ ಕಣ್ಣನ್ನೂ ನೋಡುತ್ತಾನೆ ಎಂದು ನನಗೆ ಹೊಳೆಯಲಿಲ್ಲ.

ಕಿವಿಗೆ ಹಾಕುವ ಯಂತ್ರ ಕೊಡಿಸಿ ನೋಡಿದೆವು. ಅದನ್ನು ಹಾಕಿಕೊಂಡು ತಂಡದ ಮುಂದೆ ನಿಂತದ್ದು ಒಂದು ನಿಮಿಷ ಇರಬಹುದು. ಟ್ರಂಪೆಟ್ ಎದ್ದದ್ದೇ ತಡ, ಅವರು ಯಂತ್ರ ಕಿತ್ತು ಕೈಯಲ್ಲಿ ಹಿಡಿದುಕೊಂಡರು. "ತಗಡಿನ ಅಂಗಡಿ ಕುಸಿದು ಬಿದ್ದಂಗಾತ್ರಿ. ಇದು ಬ್ಯಾಡ. ನನಗ ಕಾಲು ಸಾಕು" ಎಂದರು.

ಕಾಲು ಎಂದರೆ ಏನು ಎಂದು ಆಮೇಲೆ ತೋರಿಸಿದರು. ನಮ್ಮ ಅಭ್ಯಾಸದ ಕೋಣೆಯಲ್ಲಿ ಒಂದು ಹಳೆಯ ಮರದ ವೇದಿಕೆಯಿದೆ. ಅವರು ಚಪ್ಪಲಿ ಬಿಟ್ಟು ಅದರ ಮೇಲೆ ನಿಲ್ಲುತ್ತಿದ್ದದ್ದು ಮರ್ಯಾದೆಗೆ ಎಂದು ನಾವೆಲ್ಲ ತಿಳಿದಿದ್ದೆವು. ಬಾಸ್ ಡ್ರಮ್ಮಿನ ಪೆಟ್ಟು ಹಲಗೆಯಲ್ಲಿ ಹರಿದು ಅಂಗಾಲಿಗೆ ಬರುತ್ತಿತ್ತು. ಲಯ ಕಾಲಿನಿಂದ, ಸ್ವರ ಮಕ್ಕಳ ಗಲ್ಲದಿಂದ, ಉಳಿದದ್ದು ನೆನಪಿನಿಂದ. ಇಷ್ಟರಲ್ಲೇ ನಾಲ್ಕು ವರ್ಷ ಸಾಗಿಸಿದ್ದರು. ಆದರೆ ಸಭಾಂಗಣದ ವೇದಿಕೆ ಸಿಮೆಂಟಿನದು, ಮೇಲೆ ದಪ್ಪ ರತ್ನಗಂಬಳಿ. ಬಡಗಿಯನ್ನು ಹಿಡಿದು, ಡ್ರಮ್ಮೂ ಮಾಸ್ತರರೂ ಒಂದೇ ಹಲಗೆಯ ಮೇಲೆ ನಿಲ್ಲುವಂತೆ ಎರಡು ಪ್ಲೈವುಡ್ ಹಾಳೆ ಜೋಡಿಸಿ ಕೆಳಗೆ ಮರದ ರೀಪು ಪಟ್ಟಿ ಹೊಡೆಸಿದೆ. ಬಾಸ್ ಡ್ರಮ್ಮನ್ನು ಹಿಂದಿನಿಂದ ಎಳೆದು ತಂಡದ ಬಲಕ್ಕೆ ತಂದೆ. ಅದಕ್ಕಾಗಿ ಎಲ್ಲರ ಜಾಗವೂ ಬದಲಾಯಿತು. ಯೂಫೋನಿಯಂ ಕೊನೆಯ ಸಾಲಿಗೆ ಹೋಯಿತು.

ಅದೇ ವಾರ ಕೊಕ್ಕನೂರಿನ ಹುಡುಗಿಯ ತಂದೆ ತೀರಿಕೊಂಡರು. ಎದೆನೋವು ಅಂದವರನ್ನು ಆಸ್ಪತ್ರೆಗೆ ಕರೆತರುವ ದಾರಿಯಲ್ಲೇ ಹೋಗಿಬಿಟ್ಟರಂತೆ. ಮಾಸ್ತರರು ಮೂರನೇ ದಿನ ಬಸ್ಸು ಹಿಡಿದು ಆ ಊರಿಗೆ ಹೋಗಿ ಬಂದರು. ನಾನು ಫೋನಿನಲ್ಲೇ ಸಮಾಧಾನ ಹೇಳಿದೆ. ಹೊಸ ಜಾಗಕ್ಕೆ ತಕ್ಕಂತೆ ಬರಹಗಳ ಪ್ರತಿ ತೆಗೆಯುವುದಿತ್ತು, ಕುರ್ಚಿ ಲೆಕ್ಕ ಮಾಡುವುದಿತ್ತು. ಹೋಗಬಹುದಿತ್ತು, ಹೋಗಲಿಲ್ಲ.

"ಆಕಿ ಮನ್ಯಾಗ ಅಭ್ಯಾಸ ಮಾಡುವಾಗ ಅಪ್ಪ ಅಂಗಳದಾಗ ಕುಂತು ಕೇಳ್ತಿದ್ನಂತ್ರಿ" ಎಂದು ಮಾಸ್ತರರು ಬಂದು ಹೇಳಿದರು. "ಬೇರೆದವೆಲ್ಲ ಆತಗೆ ತಿಳೀತಿರ್ಲಿಲ್ಲಂತೆ. ನನ್ನ ಮಟ್ಟು ಮಾತ್ರ, ಮಗಳು ಊದೋ ತಗ್ಗಿನ ಸ್ವರ ಅಷ್ಟೇ, ಹೊಲಕ್ಕ ಹೋಗ್ತ ಬಾಯಾಗ ಅನ್ಕೊಂತಿದ್ನಂತೆ."

ನಾನು ಅಯ್ಯೋ ಪಾಪ ಎಂದೆ. ತಲೆಯೊಳಗೆ ಬೇರೆಯೇ ಚಿಂತೆ ಓಡುತ್ತಿತ್ತು. 'ನಡಿಗೆ'ಯ ನಡುವೆ ಒಂದು ಜಾಗ ಪ್ರತಿ ಸಲವೂ ಕೆಡುತ್ತಿತ್ತು.

ಆ ಜಾಗದ ಬಗ್ಗೆ ಬಿಡಿಸಿ ಹೇಳಬೇಕು. ಮಟ್ಟನ್ನು ನಾನು ಬರೆದುಕೊಳ್ಳುವಾಗ ಮಾಸ್ತರರು ಒಂದು ಕಡೆ ಹಾಡುವುದನ್ನು ನಿಲ್ಲಿಸಿ, ಎಡಗೈ ಮುಷ್ಟಿ ಕಟ್ಟಿ ಮೇಲೆತ್ತಿ, "ಇಲ್ಲಿ ಖಾಲಿ" ಎಂದಿದ್ದರು. ಎಷ್ಟು ಎಂದು ಕೇಳಿದ್ದಕ್ಕೆ, "ಖಾಲಿ ಅಂದ್ರ ಖಾಲಿ ರೀ" ಎಂದು ಮುಂದೆ ಹೋಗಿದ್ದರು. ನಾನು ಹಿಂದೂಸ್ತಾನಿ ಕಲಿತವಳು. ತಾಳದಲ್ಲಿ ಪೆಟ್ಟು ಹಾಕದೆ ಕೈ ಬೀಸಿ ಬಿಡುವ ಜಾಗಕ್ಕೆ ನಾವು ಖಾಲಿ ಎನ್ನುತ್ತೇವೆ. ಅದಕ್ಕೂ ಕರಾರುವಾಕ್ಕಾದ ಎಣಿಕೆ ಇರುತ್ತದೆ. ಮಟ್ಟು ಎಂಟು ಮಾತ್ರೆಯದು, ಆದ್ದರಿಂದ ಒಂದು ಇಡೀ ಸುತ್ತು ಮೌನ ಎಂದು ತೀರ್ಮಾನಿಸಿ, ಎಲ್ಲರ ಬರಹದಲ್ಲೂ ಎಂಟು ಎಣಿಕೆಯ ವಿರಾಮ ಹಾಕಿದೆ. ಅವರನ್ನು ಇನ್ನೊಮ್ಮೆ ಕೇಳಲಿಲ್ಲ. ಗೊತ್ತಿರುವ ಪದವನ್ನು ಯಾರು ಕೇಳುತ್ತಾರೆ?

ಅಭ್ಯಾಸದಲ್ಲಿ ಮಾಸ್ತರರು ಮುಷ್ಟಿ ಎತ್ತುತ್ತಿದ್ದರು, ತಂಡ ನಿಲ್ಲುತ್ತಿತ್ತು. ಮುಷ್ಟಿ ಬಿಚ್ಚಿದಾಗ ಎಲ್ಲರೂ ಒಟ್ಟಿಗೆ ಮತ್ತೆ ಶುರು ಮಾಡಬೇಕು. ಆದರೆ ಅವರು ಒಮ್ಮೆ ಏಳಕ್ಕೆ ಬಿಚ್ಚುತ್ತಿದ್ದರು, ಒಮ್ಮೆ ಹನ್ನೊಂದಕ್ಕೆ, ಇನ್ನೊಮ್ಮೆ ಹದಿನಾಲ್ಕಾದರೂ ಬಿಚ್ಚುತ್ತಿರಲಿಲ್ಲ. ಕಾಗದ ನೋಡುವ ಅರ್ಧ ಮಕ್ಕಳು ಎಂಟಕ್ಕೆ ಶುರು ಮಾಡಿದರೆ, ಚಾಚಾನನ್ನು ನೋಡುವ ಅರ್ಧ ಮಕ್ಕಳು ಕಾಯುತ್ತಿದ್ದರು. ಆಮೇಲೆ ಸಂತೆ. ಡ್ರಮ್ಮು ನಿಂತಾಗ ಕಾಲಿಗೆ ಏನೂ ಸಿಗುವುದಿಲ್ಲ, ಹಾಗಾಗಿ ಲೆಕ್ಕ ತಪ್ಪುತ್ತಿದ್ದಾರೆ ಎಂದು ನಾನು ಅಂದುಕೊಂಡೆ. ಕಿವುಡುತನದ ಮೇಲೆ ಹೊರಿಸಲು ಎಷ್ಟು ಅನುಕೂಲವಾಗಿತ್ತು!

ಕಛೇರಿಗೆ ಹತ್ತು ದಿನ ಇದ್ದಾಗ ಕುಲಸಚಿವರು ಅಭ್ಯಾಸ ನೋಡಲು ಬಂದರು. ಅವರು ಕೆಟ್ಟವರಲ್ಲ, ಸಂಗೀತದ ಮೇಲೆ ಅಭಿಮಾನ ಇದ್ದವರು. 'ನಡಿಗೆ' ಆ ಜಾಗದಲ್ಲಿ ಎಂದಿಗಿಂತ ಕೆಟ್ಟದಾಗಿ ಕುಸಿಯಿತು. ಟ್ರಂಪೆಟ್ಟುಗಳು ಒಂದು ಕಡೆ, ಸ್ಯಾಕ್ಸೊಫೋನು ಇನ್ನೊಂದು ಕಡೆ. ಮಾಸ್ತರರು ಏನೂ ಆಗದವರಂತೆ ಕೊನೆಯವರೆಗೂ ನಡೆಸಿದರು.

ಕುಲಸಚಿವರು ನನ್ನನ್ನು ಕಾರಿಡಾರಿಗೆ ಕರೆದರು. "ಮೇಡಂ, ಮಾಸ್ತರಿಗೆ ಒಂದು ಶಾಲು ಹೊದ್ಸಿ, ಹಾರ ಹಾಕಿ, ಪೇಟ ಇಟ್ಟು, ಎರಡು ಮಾತಾಡ್ಸಿಬಿಡ್ರಿ. ಕೋಲು ನೀವೇ ಹಿಡೀರಿ. ಅವರ ಮರ್ಯಾದೆಯೂ ಉಳೀತದೆ, ನಮ್ದೂ ಉಳೀತದೆ."

ಶಾಲು ಹೊದಿಸಿ ಸುಮ್ಮನಾಗಿಸುವುದು ನಮ್ಮ ಕಡೆ ಬಹಳ ಸುಲಭದ ದಾರಿ. ನಾನು ಒಪ್ಪಲಿಲ್ಲ. "ಅವರು ನಡೆಸ್ತಾರೆ ಸರ್, ಜವಾಬ್ದಾರಿ ನಂದು" ಎಂದೆ. ಹಾಗೆಂದವಳು ಮನೆಗೆ ಬಂದು ಅನ್ನ ಕಲಸಿಕೊಂಡು ಕೂತು ಅದೇ ಲೆಕ್ಕ ಹಾಕಿದೆ. ಅವರ ಕೈಗೆ ಕೋಲು ಕೊಟ್ಟು ನಿಲ್ಲಿಸಿದರೆ ತಂಡ ಸಭೆಯ ಮುಂದೆ ಕುಸಿಯುತ್ತದೆ, ಆ ಅವಮಾನ ಅವರಿಗೇ. ಕೋಲು ಕೊಡದಿದ್ದರೆ ಅವರ ಒಂದೇ ಒಂದು ಆಸೆಯನ್ನು ನಾನೇ ಕಿತ್ತುಕೊಂಡಂತೆ. ಕೈ ತೊಳೆಯುವಾಗ ಉಪಾಯ ಹೊಳೆಯಿತು. ಹೊಳೆದಾಗ ನನಗೆ ಎಷ್ಟು ಖುಷಿಯಾಯಿತು ಎಂದರೆ, ಅದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ.

ಶುಕ್ರವಾರ ಮಧ್ಯಾಹ್ನ ಮಾಸ್ತರರು ಜುಮ್ಮಾ ನಮಾಜಿಗೆ ಹೋಗುತ್ತಿದ್ದರು. ಆ ಹೊತ್ತಿಗೆ ಮಕ್ಕಳನ್ನು ಸೇರಿಸಿದೆ. 'ನಡಿಗೆ'ಗೆ ನಾನೂ ಮೊದಲ ಕ್ಲಾರಿನೆಟ್ಟಿನ ಕುರ್ಚಿಯಲ್ಲಿ ಕೂರುತ್ತೇನೆ, ನನ್ನ ಕ್ಲಾರಿನೆಟ್ಟಿನ ತುದಿ ನೋಡಿಕೊಂಡು ನುಡಿಸಿ, ಅದು ಮೇಲೆದ್ದು ಇಳಿದಾಗ ಶುರು, ಖಾಲಿಯಲ್ಲಿ ಎಂಟು ಎಣಿಸಿ ನಾನು ಇಳಿಸುತ್ತೇನೆ, ಚಾಚಾನ ಕೋಲು ನೋಡಬೇಡಿ ಎಂದೆ. ಆ ಶುಕ್ರವಾರ ಆರು ಸಲ ನುಡಿಸಿದೆವು. ಆರು ಸಲವೂ ಅಚ್ಚುಕಟ್ಟಾಗಿ ಬಂತು. ಎರಡನೇ ಶುಕ್ರವಾರ, ಅಂದರೆ ಕಛೇರಿಯ ಹಿಂದಿನ ದಿನ, ಕೊಕ್ಕನೂರಿನ ಹುಡುಗಿಯೂ ಇದ್ದಳು. ತಂದೆಯ ಕಾರ್ಯ ಮುಗಿಸಿ ಗುರುವಾರವಷ್ಟೇ ಬಂದಿದ್ದಳು. ಯೂಫೋನಿಯಂ ನುಡಿಸುವವರು ಬೇರೆ ಯಾರೂ ಇಲ್ಲದ್ದರಿಂದ ನಾನೂ ಬೇಡ ಎಂದಿರಲಿಲ್ಲ.

"ಚಾಚಾಗೆ ಹೇಳೀರೇನ್ರಿ ಮೇಡಂ?" ಎಂದು ಕೇಳಿದಳು.

"ಹೇಳಿದ್ರೆ ಅವರು ಕೋಲು ಹಿಡಿದು ನಿಲ್ಲೋದೇ ಇಲ್ಲ ಕಣಮ್ಮ."

"ನಿಲ್ಲೋದು ಬಿಡೋದು ಅವರಿಗೆ ಬಿಟ್ಟಿದ್ದಲ್ರೀ?"

"ನೀನು ಎಣಿಸೋದು ಕಲಿ, ಸಾಕು" ಎಂದು ಗದರಿಸಿದೆ. ತಂದೆ ಸತ್ತು ಹದಿನಾಲ್ಕು ದಿನ ಆದ ಹುಡುಗಿಗೆ ನಾನು ಹೇಳಿದ ಮಾತು ಇದು.

ಶನಿವಾರ ಸಂಜೆ ಐದೂವರೆಗೆ ಸಭಾಂಗಣ ತುಂಬಿತ್ತು. ಮಕ್ಕಳ ಮನೆಯವರು, ಅಧ್ಯಾಪಕರು, ಹರಿಹರದಿಂದ ಬಂದ ಮಾಸ್ತರರ ಹಳೆಯ ಜತೆಗಾರರು ಐದಾರು ಮಂದಿ. ಮಾಸ್ತರರು ಮದುವೆ ಬ್ಯಾಂಡಿನ ಜರಿಯ ಕೋಟು ಹಾಕಿರಲಿಲ್ಲ, ಹೊಸದಾಗಿ ಹೊಲಿಸಿದ ಬಿಳಿ ಜುಬ್ಬಾ ಹಾಕಿದ್ದರು. "ಇವತ್ತು ಯಾರ್ದೂ ಮದುವಿ ಅಲ್ಲಲ್ರಿ" ಎಂದರು. ಪರದೆಯ ಪಕ್ಕದಲ್ಲಿ ನಿಂತು ಜನರನ್ನು ಇಣುಕಿ ಇಣುಕಿ ನೋಡುತ್ತಿದ್ದರು. "ಎಲ್ಲಾರೂ ಕುಂತಾರ" ಎಂದು ನನಗೆ ಹೇಳಿದರು, ನಾನು ನೋಡಿಯೇ ಇಲ್ಲವೇನೋ ಎಂಬಂತೆ.

ನನ್ನ ಏಳೂ ರಚನೆಗಳು ಚೆನ್ನಾಗಿ ಹೋದವು. ನಾಲ್ಕನೆಯದರಲ್ಲಿ ಒಂದು ಟ್ರಂಪೆಟ್ಟಿನ ಸ್ವರ ಒಡೆದದ್ದು ಬಿಟ್ಟರೆ ಹೆಸರಿಡುವಂಥದ್ದು ಏನೂ ಆಗಲಿಲ್ಲ. ಆಮೇಲೆ ಮಾಸ್ತರರನ್ನು ಕರೆದು, ಕೋಲು ಅವರ ಕೈಗೆ ಕೊಟ್ಟು, ನಾನು ಮೊದಲ ಸಾಲಿಗೆ ಹೋಗಿ ಕುಳಿತೆ. ಅವರು ಚಪ್ಪಲಿ ಬಿಟ್ಟು ಹಲಗೆಯ ಮೇಲೆ ನಿಂತರು. ಸಭೆಗೆ ಕೈ ಮುಗಿದರು. ತಿರುಗಿ ಮಕ್ಕಳನ್ನು ನೋಡಿ, ಗಲ್ಲ ಉಬ್ಬಿಸಿ ತೋರಿಸಿ ನಗಿಸಿದರು. ಕೋಲು ಎತ್ತಿದರು. ನಾನೂ ಕ್ಲಾರಿನೆಟ್ ಎತ್ತಿದೆ.

ಶುರುವಾದದ್ದು ಎಷ್ಟು ಚೆನ್ನಾಗಿತ್ತೆಂದರೆ, ನನ್ನ ಉಪಾಯ ನನಗೇ ಮರೆತುಹೋಯಿತು. ಕೋಲು ಮತ್ತು ನನ್ನ ಕ್ಲಾರಿನೆಟ್ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದೆ ಒಟ್ಟಿಗೆ ನಡೆದವು. ಮೊದಲ ಸುತ್ತು, ಎರಡನೇ ಸುತ್ತು. ಜನ ಉಸಿರು ಬಿಗಿಹಿಡಿದು ಕುಳಿತಿದ್ದರು. ಅವರ ಎಡಗೈ ಮುಷ್ಟಿ ಮೇಲೇರಿತು. ತಂಡ ಒಂದೇ ಸಲಕ್ಕೆ ನಿಂತಿತು.

ನಾನು ಎಣಿಸತೊಡಗಿದೆ. ಐದರ ಹೊತ್ತಿಗೆ ಮಾಸ್ತರರನ್ನು ನೋಡಿದೆ. ಅವರು ನನ್ನ ತಲೆಯ ಮೇಲಿಂದ ಹಿಂದಿನ ಸಾಲಿನ ಕಡೆ ನೋಡುತ್ತಿದ್ದರು. ಹುಬ್ಬು ಸ್ವಲ್ಪ ಮೇಲೆದ್ದಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಲೆಕ್ಕ ತಪ್ಪಿತು, ಎಲ್ಲಿದ್ದೇವೆಂದು ತಿಳಿಯುತ್ತಿಲ್ಲ ಅವರಿಗೆ, ಎಂದುಕೊಂಡೆ. ಏಳು. ಎಂಟು. ಕ್ಲಾರಿನೆಟ್ ಇಳಿಸಿದೆ. ಇಡೀ ತಂಡ ಒಂದೇ ಉಸಿರಿಗೆ ಶುರು ಮಾಡಿತು.

ಮುಷ್ಟಿ ಮೇಲೇ ಇತ್ತು.

ಹಲಗೆ ನಡುಗಿದ್ದು ಕಾಲಿಗೆ ತಿಳಿದಿರಬೇಕು, ಅವರು ಬೆಚ್ಚಿದರು. ಟ್ರಂಪೆಟ್ಟಿನವರನ್ನು ನೋಡಿದರು, ಸ್ಯಾಕ್ಸೊಫೋನಿನವರನ್ನು ನೋಡಿದರು, ಒಬ್ಬೊಬ್ಬರನ್ನೇ ನೋಡುತ್ತಾ ಬಂದರು. ಅವರೆಲ್ಲರ ಗಲ್ಲ ಉಬ್ಬಿತ್ತು. ಎಲ್ಲರ ಕಣ್ಣು ಬೇರೆ ಕಡೆ ಇತ್ತು. ಆ ಕಣ್ಣುಗಳು ಹೋದ ದಾರಿಯಲ್ಲೇ ಅವರ ಕಣ್ಣೂ ಬಂದು ನನ್ನ ಕ್ಲಾರಿನೆಟ್ಟಿನ ತುದಿಯ ಮೇಲೆ ನಿಂತಿತು, ಆಮೇಲೆ ನನ್ನ ಮುಖದ ಮೇಲೆ. ನಾನು ನುಡಿಸುತ್ತಲೇ ಇದ್ದೆ. ನಿಲ್ಲಿಸಿದರೆ ಎಲ್ಲವೂ ನಿಲ್ಲುತ್ತಿತ್ತು.

ಅವರು ಕೋಲು ಎಸೆದು ಹೋಗಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ನಿಧಾನಕ್ಕೆ ಮುಷ್ಟಿ ಬಿಚ್ಚಿದರು, ತಾವೇ ಈಗ ಶುರು ಮಾಡಿಸಿದವರಂತೆ. ಬಲಗೈ ಮತ್ತೆ ಆಡತೊಡಗಿತು. ಆದರೆ ಈಗ ಕೋಲು ಮುಂದಿರಲಿಲ್ಲ. ಹಲಗೆಯಲ್ಲಿ ಡ್ರಮ್ಮು ಬಡಿದ ಮೇಲೆ, ಒಂದು ಎಳೆಯಷ್ಟು ತಡವಾಗಿ, ಅದು ಬಡಿತದ ಹಿಂದೆ ಹಿಂದೆ ಬರುತ್ತಿತ್ತು. ಸಭೆಗೆ ಬೆನ್ನು ಮಾಡಿ ನಿಂತಿದ್ದರಿಂದ ಅವರ ಮುಖ ಕಂಡದ್ದು ನಮಗೆ ಮಾತ್ರ. ಕೊನೆಯವರೆಗೂ ಹಾಗೆಯೇ ನಿಂತು, ನಮ್ಮೆಲ್ಲರ ಮಾನ ಕಾಪಾಡಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕುಲಸಚಿವರು ತಾವೇ ವೇದಿಕೆಗೆ ಬಂದು ಶಾಲು ಹೊದಿಸಿದರು. ಒಳಗೆ ಬಂದ ಮೇಲೆ ಮಾಸ್ತರರು ಮಕ್ಕಳೆಲ್ಲರ ತಲೆ ಸವರಿ, ಕೋಲನ್ನು ನನ್ನ ಕೈಗಿಟ್ಟು, "ಚಲೋ ಆತ್ರಿ ಮೇಡಮ್ಮಾರೆ" ಎಂದು ಜತೆಗಾರರೊಂದಿಗೆ ಬಸ್ಸಿಗೆ ಹೊರಟರು.

ಸೋಮವಾರ ಅವರು ಬರಲಿಲ್ಲ. ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೊವನ್ನು ಮಕ್ಕಳು ತೋರಿಸಿದರು. ವೇದಿಕೆಯ ಪಕ್ಕದಿಂದ ತೆಗೆದದ್ದು, ಹಿಂದಿನ ಸಾಲೂ ಕಾಣುತ್ತಿತ್ತು. ಮುಷ್ಟಿ ಏರಿದಾಗ ಕೊಕ್ಕನೂರಿನ ಹುಡುಗಿ ಯೂಫೋನಿಯಂ ಅನ್ನು ತುಟಿಯಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದಾಳೆ. ಭುಜ ಕುಲುಕುತ್ತಿದೆ. ತಂಡ ಮತ್ತೆ ಶುರು ಮಾಡಿದಾಗ ಅವಳು ವಾದ್ಯ ಎತ್ತಲಿಲ್ಲ. ಕೊನೆಯವರೆಗೂ ಎತ್ತಲೇ ಇಲ್ಲ. ಅರ್ಧ ಮಟ್ಟು ಯೂಫೋನಿಯಂ ಇಲ್ಲದೆ ಹೋಗಿತ್ತು. ಎರಡೂ ಕಿವಿ ನೆಟ್ಟಗಿರುವ ನನಗೆ ಅದು ಗೊತ್ತೇ ಆಗಿರಲಿಲ್ಲ.

ಅವಳನ್ನು ಕರೆದು ಕೇಳಿದೆ.

"ಚಾಚಾ ನನ್ನೇ ನೋಡ್ತಿದ್ರು ಮೇಡಂ. ಉಸಿರು ತಗೊಳ್ಳವ್ವ, ನಾನು ನಿಂತೀನಿ ಅನ್ನೋ ಹಂಗೆ ಬಾಯಿ ತೆರೆದು ತೋರಿಸಿದ್ರು. ನಾನು ತಗೊಂತಿದ್ದೆ. ಇನ್ನೊಂದು ಚೂರು ಬೇಕಿತ್ತು. ಅಷ್ಟೊತ್ತಿಗೆ ಎಲ್ಲಾರೂ ಶುರು ಮಾಡಿಬಿಟ್ರು."

ಮಂಗಳವಾರ ಹರಿಹರಕ್ಕೆ ಹೋದೆ. ಹಳೇ ಪೇಟೆಯ ಓಣಿಯಲ್ಲಿ ಅವರ ಮನೆ. ಅವರ ಹೆಂಡತಿ ಚಹಾ ಕೊಟ್ಟು, ಬಿಸ್ಕತ್ತಿನ ತಟ್ಟೆ ಮುಂದಿಟ್ಟು ಒಳಗೆ ಹೋದರು. ಮಾಸ್ತರರು ಎಂದಿನಂತೆಯೇ ಇದ್ದರು, ಮಕ್ಕಳ ಕ್ಷೇಮ ಕೇಳಿದರು. ನಾನೇ ಖಾಲಿಯ ಮಾತು ತೆಗೆದೆ. ಅವರ ಎದುರಿಗೆ ಕೂತು, ಒಂದೊಂದೇ ಶಬ್ದ ಬಿಡಿಸಿ ಕೇಳಿದೆ.

"ಅದು ಎಣಿಸೋದಲ್ರಿ" ಎಂದರು. "ಮೆರವಣಿಗಿ ಹೋಗೋ ದಾರ್ಯಾಗ ಸಾವಾದ ಮನಿ ಸಿಕ್ತು ಅನ್ಕೊಳ್ರಿ. ಮಾಸ್ತರ ಮುಷ್ಟಿ ಎತ್ತತಾನೆ. ಬ್ಯಾಂಡ್ ಬಂದ್. ಕಾಲು ಮಾತ್ರ ನಡೀತಾವೆ. ಆ ಮನಿ ಪೂರಾ ದಾಟಬೇಕು, ಕಡೀ ಮನುಷ್ಯನೂ ದಾಟಬೇಕು. ಹಿಂದ ತಿರುಗಿ ನೋಡಿ, ದಾಟಿದ್ರು ಅಂದ ಮ್ಯಾಲೆ ಮುಷ್ಟಿ ಬಿಚ್ಚೋದು. ಮನಿ ಸಣ್ಣದಿದ್ರ ಸಣ್ಣ ಖಾಲಿ, ಮಂದಿ ಭಾಳ ಇದ್ರ ದೊಡ್ಡ ಖಾಲಿ. ಅದನ್ನೇ ಮಟ್ಟಿನಾಗ ಇಟ್ಟೀನಿ. ಅಭ್ಯಾಸದಾಗ ನಾನು ಮಕ್ಕಳ ಮುಖ ನೋಡ್ತಿದ್ದೆ. ಎಲ್ಲಾರ ಉಸಿರು ತುಂಬಿತು ಅಂದಾಗ ಬಿಚ್ತಿದ್ದೆ."

ಏಳು, ಹನ್ನೊಂದು, ಹದಿನಾಲ್ಕು.

"ಮೊನ್ನೆ ಆ ಹುಡುಗಿ ಇನ್ನೂ ದಾಟಿರ್ಲಿಲ್ರಿ" ಎಂದರು.

ಚಹಾ ಆರಿತ್ತು. ಲೋಟ ಪಕ್ಕಕ್ಕೆ ಸರಿಸಿ ಅವರೇ ಮತ್ತೆ ಹೇಳಿದರು: "ಮಕ್ಕಳು ನನ್ನ ನೋಡ್ಲಿಲ್ಲ ಅಂತ ಬ್ಯಾಸರ ಇಲ್ಲ. ನೀವು ಹೇಳಿದ್ದಕ್ಕೆ ಅವು ಕೇಳಿದ್ವು, ಶಿಸ್ತು ಅಂದ್ರ ಅದೇ. ಆದ್ರ ನನಗ ಒಂದು ಮಾತು ಹೇಳಬೇಕಿತ್ರಿ. ಕೋಲು ನಾನೇ ನಿಮ್ಮ ಕೈಯಾಗ ಕೊಟ್ಟು, ಆ ಮಂದಿ ಜೋಡಿ ಕುಂತು ನೋಡ್ತಿದ್ದೆ. ಕೇಳಾಕಂತೂ ಆಗ್ತಿರ್ಲಿಲ್ಲ."

ಮತ್ತೆ ಬನ್ನಿ, ಮಕ್ಕಳು ಕಾಯುತ್ತಿದ್ದಾರೆ ಎಂದೆ. ಬ್ಯಾಡ ಎಂದು ಕೈ ಆಡಿಸಿದರು. ಒತ್ತಾಯ ಮಾಡಿದೆ. "ನನಗ ಉಳಿದಿದ್ದು ಕಣ್ಣೊಂದೇ ರೀ. ಮಕ್ಕಳು ನನ್ನ ನೋಡ್ಲಿಲ್ಲಂದ್ರ ನಾನು ಅಲ್ಲಿ ಏನ್ ಮಾಡ್ಲಿ?" ಎಂದರು. ಸಿಟ್ಟಿನಲ್ಲಿ ಹೇಳಿದ್ದಲ್ಲ, ನಿಜವಾಗಿ ನನ್ನನ್ನು ಕೇಳಿದ್ದು.

ಬೇಡವೆಂದರೂ ಬಸ್ ನಿಲ್ದಾಣದವರೆಗೆ ಬಂದರು. ನಿಂತುಕೊಂಡು ಕಾಯುವಾಗ ನನಗೆ ತಡೆಯಲಾಗಲಿಲ್ಲ. ತಲೆ ತಗ್ಗಿಸಿ, ಕಣ್ಣೀರು ಯಾರಿಗೂ ಕಾಣದಿರಲೆಂದು ಸೆರಗು ಬಾಯಿಗೆ ಹಿಡಿದು, ತಪ್ಪಾಯಿತು ಮಾಸ್ತರೇ, ನಿಮ್ಮನ್ನು ಕೇಳದೆ ಮಾಡಿದೆ, ನಿಮ್ಮ ಒಂದೇ ಆಸೆಯನ್ನು ಹಾಳು ಮಾಡಿದೆ, ಕ್ಷಮಿಸಿ ಎಂದು ಎಲ್ಲವನ್ನೂ ಹೇಳಿದೆ. ಮೂರು ದಿನದಿಂದ ಕಟ್ಟಿಕೊಂಡಿದ್ದ ಮಾತೆಲ್ಲ ಬಂತು. ಮುಗಿಸಿ ತಲೆ ಎತ್ತಿದೆ.

ಮಾಸ್ತರರು ಬಗ್ಗಿ, ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಏನೋ ಅಂದ್ರಿ ಮೇಡಮ್ಮಾರೆ, ತಿಳೀಲಿಲ್ಲ. ಇನ್ನೊಮ್ಮೆ ಹೇಳ್ರಿ" ಎಂದರು.

ಅಷ್ಟರಲ್ಲಿ ದಾವಣಗೆರೆಯ ಬಸ್ಸು ಬಂದು ನಿಂತಿತು. "ಏನಿಲ್ಲ ಮಾಸ್ತರೇ, ಬಸ್ ಬಂತು ಅಂದೆ" ಎಂದು, ಅವರಿಗೆ ಕಾಣುವಂತೆ, ಬಿಡಿಸಿ ಬಿಡಿಸಿ ಹೇಳಿ ಹತ್ತಿಬಿಟ್ಟೆ. ಆ ಮಾತುಗಳನ್ನು ಮುಖ ಎತ್ತಿ ಹೇಳುವ ಧೈರ್ಯ ನನಗಿರಲಿಲ್ಲ. ಹರಿಹರ ಇಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ನಾನು ಇನ್ನೂ ಮತ್ತೆ ಹೋಗಿಲ್ಲ.